ಕೈಗಣಕಕ್ಕೆ ಹೊರಗಿನಿಂದ ಜೋಡಿಸುವ ಜಿಪಿಎಸ್ ರಿಸೀವರ್: ಮಲೆನಾಡಿನಲ್ಲಿ ಎಷ್ಟು ಉಪಯೋಗ?

ಪಾಮ್, ಹ್ಯಾಂಡ್‌ಸ್ಪ್ರಿಂಗ್ ವೈಸರ್, ಕಾಂಪ್ಯಾಕ್ ಐಪ್ಯಾಕ್ ಮೊದಲಾದ ಅಂಗೈ ಗಾತ್ರದ ಆರ್ಗನೈಸರುಗಳಿಗೆ ಹೊರಗಿನಿಂದ ಜಿಪಿಎಸ್ ರಿಸೀವರ್ ಜೋಡಿಸಿಕೊಳ್ಳುವ ರೂಢಿಗೆ ಬಲ ಬಂದದ್ದು 2000ದ ನಂತರ. ನಾಗರಿಕ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ಆ ವರ್ಷದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ 100 ಮೀಟರಿನಷ್ಟು ಅತ್ತಿತ್ತ ಹೋಗಬಹುದಾಗಿದ್ದ ಸ್ಥಾನಸೂಚನೆ ಆ ಬಳಿಕ ಹತ್ತಿಪ್ಪತ್ತು ಮೀಟರಿನೊಳಗೆ ಬಂದು ನಿಂತಿತು. ಆ ಆರ್ಗನೈಸರುಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಆದರೂ ಈ ವಿಮರ್ಶೆಯನ್ನು ಬರೆಯಲು ಕಾರಣವಿದೆ. ಆಪಲ್‌ನ ಐಪ್ಯಾಡ್‌ಗಳಲ್ಲಿ ಸಿಮ್ ಸೌಲಭ್ಯವಿರುವ ಮಾದರಿಗಳಿಗೆ ಮಾತ್ರ ಜಿಪಿಎಸ್ ಇದೆ, ಬರೀ ವೈಫೈ ಇರುವ ಮಾದರಿಗಳಿಗೆ ಇಲ್ಲ. ಅಗ್ಗದ ಆಂಡ್ರಾಯ್ಡ್ ಟ್ಯಾಬುಗಳಲ್ಲಿಯೂ ಕೆಲವಕ್ಕೆ ಇಲ್ಲ. ಹೀಗಾಗಿ ಅಂದಿನ ಆರ್ಗನೈಸರ್ ಮಾಲೀಕರ ಮುಂದಿದ್ದ ಪ್ರಶ್ನೆಯೇ ಇಂದಿನ ಟ್ಯಾಬ್ ಮಾಲೀಕರ ಮುಂದೆಯೂ ಇದೆ: ರಿಸೀವರನ್ನು ಬೇರೆಯಾಗಿ ಕೊಳ್ಳಬೇಕೇ, ಕೊಳ್ಳುವುದಾದರೆ ಯಾವ ಬಗೆಯದನ್ನು?

ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕೆರೆ, ಕಾನು (ದಟ್ಟ ಕಾಡು), ಹಳೆಯ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳುವುದು ನನ್ನ ಹವ್ಯಾಸ. ಈ ಕೆಲಸಕ್ಕಾಗಿ ಕವಚದಂತೆ ತೊಡಿಸುವ, ಕಾರ್ಡಿನಂತೆ ತೂರಿಸುವ, ತಂತಿಯಲ್ಲಿ ಜೋಡಿಸುವ ಮತ್ತು ಬ್ಲೂಟೂತ್‌ನಲ್ಲಿ ಮಾತನಾಡುವ ರಿಸೀವರುಗಳನ್ನು ಬಳಸಿ ನೋಡಿದ್ದೇನೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಹುಲಿಕಲ್ ಘಾಟಿ ಇಳಿಯಬೇಕು, ಇಲ್ಲವೇ ಆಗುಂಬೆಯ ಕಾಡಿನೊಳಗೆ ನಾಲ್ಕು ಹೆಜ್ಜೆ ನಡೆಯಬೇಕು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರ ಕ್ಷೀಣವಾಗಿರುತ್ತದೆ. ಮಳೆ ಬಂದರೆ ಜಿಪಿಎಸ್ ಕೆಲಸ ಮಾಡುವುದಿಲ್ಲವೆಂಬ ಮಾತು ನಮ್ಮ ಕಡೆ ಸಾಮಾನ್ಯ. ಆದರೆ ಈ ತರಂಗಾಂತರದಲ್ಲಿ ಬೀಳುವ ಮಳೆಯಿಂದ ಆಗುವ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ. ತೊಂದರೆ ಕೊಡುವುದು ನೀರು ಕುಡಿದು ನೆನೆದು ನಿಂತ ಎಲೆಗಳ ದಪ್ಪ ಚಪ್ಪರ. ಅಡಿಕೆ ತೋಟದ ಮರಗಳ ನಡುವೆ ಆಕಾಶ ತುಂಡುತುಂಡಾಗಿಯಾದರೂ ಕಾಣುತ್ತದೆ, ಕಾನಿನಲ್ಲಿ ಅದೂ ಇಲ್ಲ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಪುನಃ ಪುನಃ ಹೇಳುತ್ತಿರುತ್ತದೆ. ಎಲೆಯ ಮರೆಯಿಂದ ಆ ಮಾತು ನಡುವೆ ಕಡಿದರೆ ರಿಸೀವರ್ ಮುಂದಿನ ಸರದಿಗೆ ಕಾಯಬೇಕಾಗುತ್ತದೆ; ಬಯಲಿನಲ್ಲಿ ಒಂದು ನಿಮಿಷದೊಳಗೆ ಸಿಗುವ ಮೊದಲ ಸ್ಥಾನ ಕಾಡಿನಲ್ಲಿ ಹತ್ತು ನಿಮಿಷವಾದರೂ ಸಿಗದಿರುವುದು ಇದರಿಂದಲೇ. ಕಣಿವೆಯ ತೊಡಕು ಬೇರೆ ಬಗೆಯದು. ಸ್ಥಾನ ಮತ್ತು ಎತ್ತರ ಎರಡನ್ನೂ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು, ಅವು ಆಕಾಶದಲ್ಲಿ ಚದುರಿಕೊಂಡಿದ್ದಷ್ಟೂ ಲೆಕ್ಕ ನಿಖರವಾಗುತ್ತದೆ. ಎರಡೂ ಕಡೆ ಗುಡ್ಡವೆದ್ದಿರುವಲ್ಲಿ ನೆತ್ತಿಯ ಮೇಲಿನವು ಮಾತ್ರ ಕಾಣುವುದರಿಂದ ಸಂಖ್ಯೆ ನಾಲ್ಕು ದಾಟಿದ್ದರೂ ಸ್ಥಾನ ಓಲಾಡುತ್ತದೆ. ಪರದೆಯ ಮೇಲೆ ಎಷ್ಟು ಉಪಗ್ರಹ ಸಿಕ್ಕಿವೆ ಎಂಬುದನ್ನಷ್ಟೇ ನೋಡಿ ತೃಪ್ತಿಪಡುವವರು ಇದನ್ನು ಗಮನಿಸಬೇಕು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಸಾಧನಕ್ಕೇ ಅಂಟಿಕೊಳ್ಳುವ ರಿಸೀವರುಗಳ ದೌರ್ಬಲ್ಯ ಬೇಗ ಗೊತ್ತಾಗುತ್ತದೆ. ಪಾಮ್ 5 ಮಾದರಿಗೂ ವೈಸರ್‌ಗೂ ಮ್ಯಾಗೆಲನ್ ಕಂಪನಿ ಜಿಪಿಎಸ್ ಕಂಪ್ಯಾನಿಯನ್ ಎಂಬ ಜೋಡಣೆಯನ್ನು ತಂದಿತ್ತು, ಐಪ್ಯಾಕ್‌ಗೆ ನ್ಯಾವ್‌ಮ್ಯಾನ್ ಕವಚವಿತ್ತು. ಕೈಯಲ್ಲಿ ಒಂದೇ ವಸ್ತು, ತಂತಿಯ ಗೊಂದಲವಿಲ್ಲ, ಸಿಕ್ಕಿಸಿದ ಕೂಡಲೇ ಕೆಲಸ ಶುರು ಎಂಬುದು ಇವುಗಳ ಗುಣ. ರಸ್ತೆಬದಿಯಲ್ಲಿ ನಿಂತು ದಾರಿ ನೋಡಿಕೊಳ್ಳುವವರಿಗೆ ಅದು ಸಾಕಾಗಿತ್ತು. ಆದರೆ ಆಂಟೆನಾ ಇರುವಲ್ಲೇ ಪರದೆಯೂ ಇರಬೇಕಾದ್ದರಿಂದ, ಸಾಧನವನ್ನು ಜೇಬಿಗೆ ಹಾಕಿದ ಕೂಡಲೇ ಸಂಕೇತ ಹೋಗುತ್ತದೆ. ಜೇಬಿನಿಂದ ಹೊರಗಿಟ್ಟರೆ ಮಳೆಗೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ ಎರಡರ ನಡುವೆ ಮೂರನೆಯ ದಾರಿಯಿಲ್ಲ. ಜೋಡಣೆಯ ಲೋಹದ ಹಲ್ಲುಗಳು ತೇವಕ್ಕೆ ಕಪ್ಪಾಗಿ ಸಂಪರ್ಕ ಬಿಟ್ಟು ಬಿಟ್ಟು ಬರುವುದು ನಾನು ಕಂಡ ಎಲ್ಲ ಕವಚ ಮಾದರಿಗಳ ಸಮಾನ ಗುಣ.

ಇನ್ನೊಂದು ಕೊರತೆ ಹಣಕ್ಕೆ ಸಂಬಂಧಿಸಿದ್ದು. ಇಂಥ ಜೋಡಣೆ ಒಂದು ಮಾದರಿಗೆ ಮಾತ್ರ ಹೊಂದುತ್ತದೆ. ಪಾಮ್ 5ರ ಜೋಡಣೆ 2001ರಲ್ಲಿ ಬಂದ ಎಂ500 ಸಾಲಿಗೆ ಹೊಂದಲಿಲ್ಲ, ಏಕೆಂದರೆ ತಳದ ಕನೆಕ್ಟರ್ ಬದಲಾಗಿತ್ತು. ವೈಸರ್‌ನ ಸ್ಪ್ರಿಂಗ್‌ಬೋರ್ಡ್ ಕಿಂಡಿಯನ್ನು ನಂಬಿ ರಿಸೀವರ್ ಕೊಂಡವರಿಗೆ ಅದೇ ಕಂಪನಿಯ ಮುಂದಿನ ಟ್ರಿಯೋದಲ್ಲಿ ಆ ಕಿಂಡಿಯೇ ಇರಲಿಲ್ಲ. ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡಿನ ರೂಪದಲ್ಲಿ ಬಂದ ರಿಸೀವರುಗಳು ಈ ವಿಷಯದಲ್ಲಿ ಮೇಲು, ಆ ಕಿಂಡಿಯಿರುವ ಯಾವ ಸಾಧನಕ್ಕೂ ಅವು ಹೋಗುತ್ತವೆ. ಆದರೆ ವಿದ್ಯುತ್ತನ್ನು ಆರ್ಗನೈಸರಿನಿಂದಲೇ ಎಳೆಯುತ್ತವೆ. ಐಪ್ಯಾಕ್‌ನಂಥ ಅಂದಿನ ಪಾಕೆಟ್ ಪಿಸಿಗಳಲ್ಲಿ ವಿಳಾಸ, ಟಿಪ್ಪಣಿ, ಅಳವಡಿಸಿದ ತಂತ್ರಾಂಶ ಎಲ್ಲವೂ ವಿದ್ಯುತ್ ಇದ್ದರಷ್ಟೇ ಉಳಿಯುವ ಸ್ಮೃತಿಯಲ್ಲಿದ್ದವು. ಬ್ಯಾಟರಿ ಪೂರ್ತಿ ಬರಿದಾದರೆ ಅವೆಲ್ಲ ಅಳಿಸಿಹೋಗುತ್ತಿದ್ದವು; ಆ ಸಾಲಿನಲ್ಲಿ ಇದಕ್ಕೆ ಪರಿಹಾರ ಸಿಕ್ಕಿದ್ದು 2005ರ ವಿಂಡೋಸ್ ಮೊಬೈಲ್ 5ರಿಂದ. ದಾರಿ ತೋರಿಸಬೇಕಾದ ಕಾರ್ಡು ದಾರಿಯ ಜೊತೆಗೆ ಊರಿನವರ ದೂರವಾಣಿ ಸಂಖ್ಯೆಗಳನ್ನೂ ನುಂಗಬಹುದಾಗಿದ್ದ ಈ ವ್ಯವಸ್ಥೆಯನ್ನು ಕಾಡಿಗೆ ಒಯ್ಯಿರಿ ಎಂದು ನಾನು ಯಾರಿಗೂ ಹೇಳಲಾರೆ. ತಂತಿಯ ರಿಸೀವರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಕಾಲುದಾರಿಯಲ್ಲಿ ಲಂಟಾನದ ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಬ್ಲೂಟೂತ್ ರಿಸೀವರಿನ ನಿಜವಾದ ಲಾಭ ತಂತಿಯಿಲ್ಲದಿರುವುದಲ್ಲ. ಆಂಟೆನಾವನ್ನು ಅದಕ್ಕೆ ಬೇಕಾದಲ್ಲಿ, ಪರದೆಯನ್ನು ನಮಗೆ ಬೇಕಾದಲ್ಲಿ ಇಡಬಹುದು ಎಂಬುದು. ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ ಇರುವುದರಿಂದ ಎದೆಯ ಜೇಬಿನಲ್ಲಿಟ್ಟ ರಿಸೀವರಿಗೆ ಬೆನ್ನಿನ ಕಡೆಯ ಆಕಾಶ ಕುರುಡಾಗುತ್ತದೆ. ಬೆನ್ನುಚೀಲದ ಮೇಲ್ಜೇಬಿನಲ್ಲಿ, ಭುಜಕ್ಕಿಂತ ಮೇಲೆ ಇಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಹಾಳೆಟೊಪ್ಪಿಯ ಕೆಳಗೆ ನೆತ್ತಿಯ ಮೇಲಿಟ್ಟುಕೊಂಡರೆ ಇನ್ನೂ ಉತ್ತಮ. ನೋಡುವವರು ನಗುತ್ತಾರೆ, ಆದರೆ ದಾಖಲಾದ ಹಾದಿಯ ಗೆರೆ ನೆಟ್ಟಗೆ ಬರುತ್ತದೆ. ಟ್ಯಾಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟು, ಬೇಕೆನಿಸಿದಾಗ ಮಾತ್ರ ತೆಗೆದು ನೋಡಿದರಾಯಿತು. ಬಸ್ಸಿನಲ್ಲಿ ಹೋಗುವಾಗ ರಿಸೀವರನ್ನು ಕಿಟಕಿಯ ಬದಿಗೆ ಇಟ್ಟು ಸಾಧನವನ್ನು ಮಡಿಲಲ್ಲಿ ಇಟ್ಟುಕೊಳ್ಳಬಹುದು. ಲೋಹದ ಛಾವಣಿಯ ಕೆಳಗೆ ಒಂದು ಮೊಳದ ಅಂತರವೂ ಗಣನೀಯ.

2004ರಲ್ಲಿ ಬಂದ ಸಿರ್ಫ್‌ಸ್ಟಾರ್ 3 ಚಿಪ್ ಈ ಬಗೆಯ ರಿಸೀವರುಗಳ ಸ್ವಭಾವವನ್ನೇ ಬದಲಿಸಿತು. ಅದಕ್ಕೆ ಮೊದಲಿನ ಚಿಪ್‌ಗಳು ಮರದ ಕೆಳಗೆ ಹೋದೊಡನೆ ಕೈಚೆಲ್ಲುತ್ತಿದ್ದವು; ಇದು ಕ್ಷೀಣ ಸಂಕೇತವನ್ನೂ ಬಿಡದೆ ಹಿಡಿದಿಡುತ್ತದೆ. ಆದರೆ ಆ ಗುಣದ ಮಗ್ಗುಲಲ್ಲೇ ಒಂದು ದೋಷವಿದೆ: ಬಂಡೆಗೆ ಬಡಿದು ಸುತ್ತಿಬಂದ ಪ್ರತಿಫಲಿತ ಸಂಕೇತವನ್ನೂ ಅದು ಹಿಡಿದುಕೊಳ್ಳುತ್ತದೆ. ಸುಮ್ಮನೆ ನಿಂತಿದ್ದರೂ ಪರದೆಯಲ್ಲಿ ನಾವು ಹಳ್ಳದ ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡುತ್ತಿರುವಂತೆ ತೋರುವುದುಂಟು. ಬ್ಲೂಟೂತ್ ರಿಸೀವರಿನ ಇನ್ನೊಂದು ಕಿರಿಕಿರಿ ಎರಡು ಬ್ಯಾಟರಿಗಳನ್ನು ಸಾಕುವುದು. ಬೆಳಿಗ್ಗೆ ಎರಡನ್ನೂ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಡಬೇಕೆಂದರೆ ಹಿಂದಿನ ರಾತ್ರಿ ಕರೆಂಟ್ ಇರಬೇಕು, ಮಳೆಗಾಲದಲ್ಲಿ ಅದನ್ನು ಯಾರೂ ಖಚಿತವಾಗಿ ಹೇಳಲಾರರು. ಹೊಲಕ್ಸ್‌ನ ಕೆಲವು ಹಳೆಯ ಮಾದರಿಗಳಂತೆ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿ ಹಾಕಬಹುದಾದ ರಿಸೀವರುಗಳ ಮೇಲೆ ನನಗೆ ಈಗಲೂ ಪ್ರೀತಿಯಿರುವುದು ಇದಕ್ಕೇ. ಆ ಬ್ಯಾಟರಿಗಾಗಿ ಶಿವಮೊಗ್ಗಕ್ಕೇ ಹೋಗಬೇಕೆಂದಿಲ್ಲ, ಹೋಬಳಿ ಕೇಂದ್ರದ ಮೊಬೈಲ್ ಅಂಗಡಿಯಲ್ಲೂ ಕೇಳಬಹುದು. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಸಂಜೆಯವರೆಗೆ ಚಿಂತೆಯಿಲ್ಲ. ಈಗಿನ ಹೆಚ್ಚಿನವುಗಳಲ್ಲಿ ಬ್ಯಾಟರಿಯನ್ನು ಒಳಗೇ ಮುಚ್ಚಿಬಿಟ್ಟಿರುತ್ತಾರೆ.

ರಿಸೀವರ್ ಕೊಂಡವರನ್ನು ಊರಿನವರು ಮೊದಲು ಕೇಳುವುದು ತೋಟದ ಗಡಿ ಅಳೆದುಕೊಡಿ ಎಂದು. ಇದಕ್ಕೆ ಒಪ್ಪಿಕೊಳ್ಳಬಾರದು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಬದಿಗೆ ಸುಮಾರು 10 ಮೀಟರ್. ಒಳ್ಳೆಯ ಆಕಾಶವಿದ್ದಾಗಲೂ ಮೂರರಿಂದ ಐದು ಮೀಟರ್ ತಪ್ಪಬಹುದಾದ, ಮರದ ಕೆಳಗೆ ಅದರ ಎರಡು ಮೂರು ಪಟ್ಟು ತಪ್ಪುವ ಸಾಧನದಿಂದ ಗುಂಟೆಯ ಲೆಕ್ಕದ ಜಗಳ ಬಗೆಹರಿಯುವುದಿಲ್ಲ, ಹುಟ್ಟಿಕೊಳ್ಳುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗೆರೆಯನ್ನೂ ತಮ್ಮ ನೀಲಿ ಚುಕ್ಕೆಯನ್ನೂ ನೋಡಿ ಬೇಲಿ ಸರಿಸಲು ಹೊರಟವರಿಗೂ ಇದೇ ಮಾತು ಅನ್ವಯಿಸುತ್ತದೆ: ಅಲ್ಲಿ ಚುಕ್ಕೆಯ ತಪ್ಪಿಗೆ ಗೆರೆಯ ತಪ್ಪೂ ಸೇರಿರಬಹುದು. ಗಡಿಯ ಕೆಲಸಕ್ಕೆ ಸರ್ವೆಯವರು ತರುವ ರೋವರ್ ಬೇರೆಯೇ ಜಾತಿಯ ಯಂತ್ರ. ಸ್ಥಿರ ನೆಲೆಯೊಂದರಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಅದು ಅಳೆಯುತ್ತದೆ. ನಾವು ಮಾತನಾಡುತ್ತಿರುವ ರಿಸೀವರುಗಳು ಕೆರೆ ಎಲ್ಲಿದೆ, ಯಾವ ಕವಲಿನಲ್ಲಿ ತಿರುಗಿದೆವು, ಹಿಂದಿರುಗುವ ದಾರಿ ಯಾವುದು ಎಂಬುದಕ್ಕೆ ತಕ್ಕವು.

ಎತ್ತರದ ವಿಷಯದಲ್ಲಿ ನಮ್ಮ ಭಾಗದವರು ಇನ್ನೂ ಎಚ್ಚರಿಕೆಯಿಂದಿರಬೇಕು. ಜಿಪಿಎಸ್ ಮೂಲತಃ ಲೆಕ್ಕ ಹಾಕುವ ಎತ್ತರ ಸಮುದ್ರಮಟ್ಟದಿಂದಲ್ಲ, ಭೂಮಿಗೆ ಹೊಂದಿಸಿದ ಒಂದು ಗಣಿತದ ದೀರ್ಘಗೋಳದಿಂದ. ಗುರುತ್ವಾಕರ್ಷಣೆ ಎಲ್ಲ ಕಡೆಯೂ ಸಮನಾಗಿಲ್ಲದ ಕಾರಣ ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರಮಟ್ಟ ಆ ಗೋಳಕ್ಕಿಂತ 100 ಮೀಟರಿಗೂ ಹೆಚ್ಚು ತಗ್ಗಿದೆ, ನಮ್ಮ ಮಲೆನಾಡಿನಲ್ಲೂ ಆ ತಗ್ಗು 80 ಮೀಟರಿಗಿಂತ ಹೆಚ್ಚಿದೆ. ಒಳ್ಳೆಯ ರಿಸೀವರ್ ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿ ಕೊಡುತ್ತದೆ. ಕೆಲವು ಕೊಡುವುದಿಲ್ಲ, ಕೆಲವು ತಂತ್ರಾಂಶಗಳು ಸರಿಪಡಿಸಿದ್ದನ್ನು ಮತ್ತೆ ಸರಿಪಡಿಸುತ್ತವೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ನಿಂತಾಗ ಪರದೆ 1260ರ ಆಸುಪಾಸು ತೋರಿಸಿದರೆ ಬೆಟ್ಟ ಕುಸಿದಿಲ್ಲ, ತಿದ್ದುಪಡಿ ಆಗಿಲ್ಲವೆಂದು ತಿಳಿಯಬೇಕು. ಹಳೆಯ ಭೂಪಟಗಳ ವಿಷಯವೂ ಇಂಥದೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳು ಎವರೆಸ್ಟ್ ಮಾನದ ಮೇಲೆ, ಅಂದರೆ ಜಿಪಿಎಸ್ ಬಳಸುವುದಕ್ಕಿಂತ ಬೇರೆಯಾದ ದೀರ್ಘಗೋಳದ ಮೇಲೆ, ನಿಂತವು. ಅವುಗಳನ್ನು ಸ್ಕ್ಯಾನ್ ಮಾಡಿ ಸಾಧನಕ್ಕೆ ಹಾಕುವಾಗ ಈ ಮಾನವನ್ನು ಆರಿಸದೆ ಬಿಟ್ಟರೆ ನಮ್ಮ ಸ್ಥಾನ ನೂರಾರು ಅಡಿ ಪಕ್ಕಕ್ಕೆ ಸರಿದು ಕಾಣುತ್ತದೆ. ರಿಸೀವರ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಇವೆರಡನ್ನು ನೋಡಿಕೊಳ್ಳುವುದು ಒಳ್ಳೆಯದು.

ಸಾಧನಕ್ಕೂ ರಿಸೀವರಿಗೂ ನಡುವಿನ ಮಾತುಕತೆ ಎನ್‌ಎಂಇಎ 0183 ಎಂಬ ಸರಳ ಪದ್ಧತಿಯಲ್ಲಿ ನಡೆಯುತ್ತದೆ. ಹೀಗಾಗಿ ಇಪ್ಪತ್ತು ವರ್ಷ ಹಳೆಯ ಬ್ಲೂಟೂತ್ ರಿಸೀವರ್ ಇಂದಿನ ಆಂಡ್ರಾಯ್ಡ್ ಟ್ಯಾಬಿಗೂ ಅರ್ಥವಾಗುವ ಭಾಷೆಯನ್ನೇ ಆಡುತ್ತದೆ. ಆದರೆ ಟ್ಯಾಬ್ ತಾನಾಗಿ ಕಿವಿಗೊಡುವುದಿಲ್ಲ: ಡೆವಲಪರ್ ಆಯ್ಕೆಗಳನ್ನು ತೆರೆದು ನಕಲಿ ಸ್ಥಾನ ಒದಗಿಸುವ ಆ್ಯಪ್ ಆಗಿ ಮಧ್ಯವರ್ತಿ ತಂತ್ರಾಂಶವೊಂದನ್ನು ಆರಿಸಬೇಕು. ಒಮ್ಮೆ ಮಾಡಿಟ್ಟರೆ ಸರಿ, ಆದರೆ ಇದನ್ನು ಮನೆಯ ಹಿರಿಯರಿಗೆ ಫೋನಿನಲ್ಲಿ ವಿವರಿಸುವ ಪ್ರಸಂಗ ಯಾರಿಗೂ ಬಾರದಿರಲಿ. ಐಪ್ಯಾಡ್ ಇದಕ್ಕೆ ತದ್ವಿರುದ್ಧ. ಆಪಲ್ ಮಾನ್ಯ ಮಾಡಿದ ಗಾರ್ಮಿನ್ ಗ್ಲೋ, ಬ್ಯಾಡ್ ಎಲ್ಫ್, ಡ್ಯುಯಲ್ ಮೊದಲಾದವು ಜೋಡಿಸಿದ ಕೂಡಲೇ ಕೆಲಸ ಮಾಡುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ತಂದ ಹಳೆಯ ಬ್ಲೂಟೂತ್ ರಿಸೀವರನ್ನು ಅದು ಹತ್ತಿರ ಸೇರಿಸುವುದಿಲ್ಲ.

ಹಾಗಾದರೆ ಈಗ ಯಾರು ಕೊಳ್ಳಬೇಕು? ಕೈಯಲ್ಲಿ ಇತ್ತೀಚಿನ ಸ್ಮಾರ್ಟ್‌ಫೋನ್ ಇದ್ದು, ಅದರಲ್ಲೇ ನಕ್ಷೆ ನೋಡುವುದಾದರೆ ಬೇರೆ ರಿಸೀವರ್ ಬೇಡ. 2018ರಿಂದೀಚೆಗೆ ಎರಡು ತರಂಗಾಂತರಗಳಲ್ಲಿ ಕೇಳುವ ಫೋನುಗಳು ಬಂದಿವೆ, ನಮ್ಮ ನಾವಿಕ್ ಉಪಗ್ರಹಗಳನ್ನು ಹಿಡಿಯುವ ಫೋನುಗಳೂ ಇವೆ. ಹಳೆಯ ರಿಸೀವರ್ ಎಷ್ಟೇ ಚೆನ್ನಾಗಿರಲಿ, ಬರೀ ಅಮೆರಿಕದ ಉಪಗ್ರಹಗಳನ್ನು ಮಾತ್ರ ಬಲ್ಲದು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆಯಿಂದ ರಿಸೀವರ್ ಕೊಳ್ಳುವವರೂ ಇದ್ದಾರೆ. ನೆಟ್‌ವರ್ಕ್ ಬೇಕಾಗುವುದು ಮೊದಲ ಸ್ಥಾನ ಬೇಗ ಸಿಗಲು ಮತ್ತು ನಕ್ಷೆಯ ಚಿತ್ರ ತರಲು ಮಾತ್ರ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಕಾಡು ಹೊಗುವ ಮೊದಲು ಬಯಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಫೋನೇ ಸಾಕು. ದೊಡ್ಡ ಪರದೆಯ ವೈಫೈ ಟ್ಯಾಬಿನಲ್ಲಿ ನಕ್ಷೆ ಬಿಡಿಸುವವರು, ಮಳೆಯಲ್ಲಿ ಪರದೆಯನ್ನು ಹೊರಗೆ ತೆಗೆಯದೆ ದಿನವಿಡೀ ಹಾದಿ ದಾಖಲಿಸಬೇಕಾದವರು, ಫೋನಿನ ಬ್ಯಾಟರಿಯನ್ನು ತುರ್ತು ಕರೆಗೆಂದು ಉಳಿಸಿಕೊಳ್ಳಬೇಕಾದವರು ಕೊಳ್ಳಬಹುದು. ಅವರು ಕೊಳ್ಳಬೇಕಾದದ್ದು ಬ್ಲೂಟೂತ್ ಬಗೆಯದನ್ನೇ, ಸಾಧ್ಯವಾದರೆ ಸ್ಥಾನದ ದೋಷ ತಗ್ಗಿಸಲು ಭಾರತ ಉಪಗ್ರಹಗಳ ಮೂಲಕ ಕಳಿಸುವ ಗಗನ್ ತಿದ್ದುಪಡಿಯನ್ನು ಬಳಸಬಲ್ಲದ್ದನ್ನು. ಗಗನ್ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ನಿಂತಿರುವುದರಿಂದ ಶಿವಮೊಗ್ಗದಿಂದ ನೋಡಿದರೆ ದಕ್ಷಿಣಕ್ಕೆ, ಸಾಕಷ್ಟು ಎತ್ತರದಲ್ಲಿರುತ್ತವೆ. ಗುಡ್ಡಗಳು ಸುಲಭವಾಗಿ ಅಡ್ಡಬರುವುದಿಲ್ಲ. ಪೆಟ್ಟಿಗೆಯ ಮೇಲೆ ವಾಸ್ ಎಂದಷ್ಟೇ ಬರೆದಿದ್ದರೆ ಅದಕ್ಕೆ ಹೆಚ್ಚು ಹಣ ಕೊಡಬೇಡಿ, ಅದು ಇಂಥದೇ ಆದ ಉತ್ತರ ಅಮೆರಿಕದ ವ್ಯವಸ್ಥೆ.

ಹಳೆಯದನ್ನು ಕೊಳ್ಳುವವರು ಹಣ ಕೊಡುವ ಮೊದಲು ಅದನ್ನು ಬಯಲಿಗೆ ತಂದು, ಸ್ಥಾನ ಸಿಕ್ಕ ಬಳಿಕ ಅದು ತೋರಿಸುವ ದಿನಾಂಕವನ್ನು ನೋಡಬೇಕು. ಜಿಪಿಎಸ್ ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಕಳೆದ ಸಲ ಹೀಗೆ ಹೊರಳಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಸಿದ್ಧವಾಗಿಲ್ಲದ ರಿಸೀವರುಗಳಲ್ಲಿ ಸ್ಥಾನ ಸರಿಯಾಗಿಯೇ ಇದ್ದು ದಿನಾಂಕ ಮಾತ್ರ ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗಿರುತ್ತದೆ. ದಾರಿ ನೋಡಲು ಮಾತ್ರವಾದರೆ ಅದರಿಂದ ಹಾನಿಯಿಲ್ಲ. ಕ್ಯಾಮರಾದಲ್ಲಿ ತೆಗೆದ ಚಿತ್ರಗಳನ್ನು ಸಮಯದ ಆಧಾರದಲ್ಲಿ ಹಾದಿಯ ಜೊತೆ ಹೊಂದಿಸುವವರಿಗೆ ಮಾತ್ರ ಅಂಥ ರಿಸೀವರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.