ಪಿಎಲ್‌ಜಿಎ ಕಣವೋ, ಪಾಲಿಮರ್ ಮೈಸೆಲ್ಲೋ?

ಔಷಧವನ್ನು ಕ್ಯಾನ್ಸರ್ ಗಡ್ಡೆಯವರೆಗೆ ಹೊತ್ತೊಯ್ಯುವ ನ್ಯಾನೋಕಣ ರೂಪಿಸಲು ಕೂತವರು ಮೊದಲು ಕೇಳಿಕೊಳ್ಳಬೇಕಾದ್ದು: ಔಷಧ ಎಷ್ಟು ದಿನ ಬಿಡುಗಡೆಯಾಗುತ್ತಿರಬೇಕು?

ದಿನಗಟ್ಟಲೆ, ವಾರಗಟ್ಟಲೆ ಎಂದಾದರೆ ನನ್ನ ಮತ ಪಿಎಲ್‌ಜಿಎಗೆ, ಅಂದರೆ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲದ ಘಟಕಗಳನ್ನು ಪೋಣಿಸಿದ ಪಾಲಿಮರ್‌ಗೆ. ನೀರು ತಾಗಿದಂತೆ ಅದರ ಎಸ್ಟರ್ ಬಂಧಗಳು ಕಳಚಿ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳಾಗುತ್ತವೆ. ದೇಹ ಅವನ್ನು ನಿಭಾಯಿಸಬಲ್ಲದು. ಲ್ಯಾಕ್ಟಿಕ್-ಗ್ಲೈಕೋಲಿಕ್ ಘಟಕಗಳು 50:50 ಅನುಪಾತದಲ್ಲಿರುವುದು ಬೇಗ ಸವೆಯುತ್ತದೆ, 75:25 ನಿಧಾನ. ಅಂದರೆ ವೇಗದ ಕೀಲಿ ನಿಮ್ಮ ಕೈಯಲ್ಲೇ. ತಯಾರಿಯೂ ಚೆಂದ: ಪಿಎಲ್‌ಜಿಎ ಮತ್ತು ಔಷಧ ಕರಗಿಸಿದ ಅಸಿಟೋನ್ ದ್ರಾವಣವನ್ನು ಕಲಕುತ್ತಿರುವ ನೀರಿಗೆ ಹನಿಹನಿಯಾಗಿ ಬಿಟ್ಟರೆ, ನೋಡನೋಡುತ್ತಲೇ ತೆಳು ನೀಲಿ ಛಾಯೆಯ ಹಾಲುಬಣ್ಣ ಮೂಡುತ್ತದೆ. ಆದರೆ ಪ್ರೋಟೀನ್ ತುಂಬುವವರು ಎಚ್ಚರ. ಒಳಗೆ ಶೇಖರವಾಗುವ ಆಮ್ಲ ಅದನ್ನು ಕೆಡಿಸಬಲ್ಲದು. ಶುರುವಿನಲ್ಲೇ ಒಂದಷ್ಟು ಔಷಧ ಒಮ್ಮೆಲೇ ಹೊರನುಗ್ಗುವುದೂ ಉಂಟು.

ಪ್ಯಾಕ್ಲಿಟ್ಯಾಕ್ಸೆಲ್‌ನಂಥ, ನೀರಿಗೆ ಒಗ್ಗದ ಔಷಧವನ್ನು ರಕ್ತಕ್ಕೆ ಇಳಿಸುವುದಷ್ಟೇ ಗುರಿಯಾದರೆ ಪಿಇಜಿ-ಪಿಎಲ್‌ಎ ಮೈಸೆಲ್ ಸಾಕು: ನೀರಿಗೆ ಒಗ್ಗದ ಪಿಎಲ್‌ಎ ತುದಿ ಒಳಗೆ, ನೀರಿಗೆ ಒಗ್ಗುವ ಪಿಇಜಿ ತುದಿ ಹೊರಗೆ ಬರುವಂತೆ ಪಾಲಿಮರ್ ಎಳೆಗಳು ತಾವೇ ಗುಂಪುಗೂಡಿದ ಪುಟ್ಟ ಗೋಳ ಅದು. ಗಾತ್ರ ಸಾಮಾನ್ಯವಾಗಿ 10ರಿಂದ 100 ನ್ಯಾನೋಮೀಟರ್. ದಕ್ಷಿಣ ಕೊರಿಯಾದಲ್ಲಿ ಅನುಮತಿ ಪಡೆದ ಜೆನೆಕ್ಸಾಲ್-ಪಿಎಂ ಇದೇ ಬಗೆಯದು. ಮುಖ್ಯ ತೊಡಕು: ರಕ್ತದಲ್ಲಿ ಬೆರೆತು ತೆಳುವಾದಾಗ ಮೈಸೆಲ್ ಬಿಚ್ಚಿಕೊಳ್ಳಬಹುದು.

ಗುರಿ ತೋರಿಸುವ ಫೋಲೇಟನ್ನು (ಹಲವು ಕ್ಯಾನ್ಸರ್ ಕೋಶಗಳು ಸೆಳೆದುಕೊಳ್ಳುವ ಬಿ ವಿಟಮಿನ್) ಎರಡಕ್ಕೂ ಅಂಟಿಸಬಹುದು. ಹೆಚ್ಚು ಅಂಟಿಸಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ, ದಯವಿಟ್ಟು. ಅತಿಯಾದರೆ, ಕಣಗಳನ್ನು ದೇಹದ ಕಾವಲಿನಿಂದ ಅಡಗಿಸುವ ಪಿಇಜಿ ಹೊದಿಕೆಯ ಮರೆ ಕೆಟ್ಟು, ಗಡ್ಡೆ ಮುಟ್ಟುವ ಮೊದಲೇ ಯಕೃತ್ತು ಕಣಗಳನ್ನು ಹಿಡಿದುಬಿಡುತ್ತದೆ.