ವಾಲ್ವ್ ಸ್ಪ್ರಿಂಗ್ ತೆಗೆಯೋಕೆ ಸುತ್ತಿಗೆಯೋ, ಕ್ಲ್ಯಾಂಪೋ, ಹಗ್ಗವೋ?

ಇಂಜಿನ್ನಿನ ಹೆಡ್ (ಸಿಲಿಂಡರ್ ಮೇಲಿನ, ವಾಲ್ವ್‌ಗಳು ಕೂರುವ ಮುಚ್ಚಳ) ಬಿಚ್ಚಿ ಟೇಬಲ್ ಮೇಲೆ ಇಟ್ಟ ಮೇಲೆ ವಾಲ್ವ್ ಸ್ಪ್ರಿಂಗ್ ಹೇಗೆ ತೆಗೆಯೋದು ಅಂತ ಕೇಳಿದರೆ ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆ ಒಬ್ಬೊಬ್ಬರದು ಒಂದೊಂದು ಮಾತು. ತೋಟದ ಮಹೀಂದ್ರ ಡೀಸೆಲ್ ಜೀಪು, ತಮ್ಮನ ಹಳೇ ಪೆಟ್ರೋಲ್ ಕಾರು, ಕಾಫಿ ಹೂವಿಗೆ ನೀರು ಹಾರಿಸೋ ಪಂಪು, ಮೂರರ ಮೇಲೂ ಕೈ ಆಡಿಸಿದ್ದೇನೆ. ನನ್ನ ಪ್ರಕಾರ ಬಿಚ್ಚೋದು ದೊಡ್ಡ ವಿಷಯವೇ ಅಲ್ಲ. ವಾಪಸ್ ಹಾಕೋವಾಗ ಯಾವುದು ಕೈ ಕೊಡುವುದಿಲ್ಲ, ಅದನ್ನು ನೋಡಬೇಕು.

ಸುತ್ತಿಗೆ ದಾರಿ ಎಲ್ಲಕ್ಕಿಂತ ಬೇಗ. ವಾಲ್ವ್ ತಲೆಯ ಕೆಳಗೆ ಮರದ ತುಂಡು ಕೊಟ್ಟು ಹೆಡ್ ಇಡಿ. ಸ್ಪ್ರಿಂಗ್ ತುದಿಯ ಬಿಲ್ಲೆ, ಅಂದರೆ ರಿಟೇನರ್ ಮೇಲೆ ಸರಿಯಾಗಿ ಕೂರುವ ಸಾಕೆಟ್ ಇಟ್ಟು, ಅದರೊಳಗೆ ಸಣ್ಣ ಮ್ಯಾಗ್ನೆಟ್ ಹಾಕಿ, ನೇರವಾಗಿ ಒಂದು ಏಟು ಕೊಡಿ. ರಿಟೇನರನ್ನು ವಾಲ್ವಿಗೆ ಹಿಡಿದಿಡುವ ಎರಡು ಸಣ್ಣ ತುಂಡುಗಳು, ಅಂದರೆ ಲಾಕ್‌ಗಳು, ಮ್ಯಾಗ್ನೆಟ್‌ಗೆ ಅಂಟಿಕೊಂಡು ಬರುತ್ತವೆ. ಮರದ ತುಂಡು ಇಲ್ಲದಿದ್ದರೆ ವಾಲ್ವೂ ಸ್ಪ್ರಿಂಗ್ ಜೊತೆಗೇ ಕೆಳಗೆ ಹೋಗುತ್ತದೆ, ಲಾಕ್ ಬಿಡುವುದೇ ಇಲ್ಲ. ಏಟು ಓರೆಯಾದರೆ ಸ್ಟೆಮ್ (ವಾಲ್ವಿನ ಕಡ್ಡಿ) ಬಾಗಬಹುದು, ಮ್ಯಾಗ್ನೆಟ್ ಮರೆತರೆ ಲಾಕ್ ಎತ್ತಲೋ ಹಾರುತ್ತದೆ, ಕಣದಲ್ಲಿ ಹರಡಿದ ಕಾಫಿ ನಡುವೆ ಬಿದ್ದರೆ ಹುಡುಕಿ ಸಿಕ್ಕಿದ್ದುಂಟೇ? ಅದೂ ಬಿಡಿ, ಬಿಚ್ಚಿದ್ದನ್ನು ಇದೇ ಸಾಕೆಟ್ಟು ಸುತ್ತಿಗೆಯಲ್ಲಿ ಹಾಕೋಕೆ ಬರುವುದಿಲ್ಲ. ಹಾಗಾಗಿ ಗುಜರಿಗೆ ಹೋಗುವ ಹೆಡ್ ಆದರೆ ಸುತ್ತಿಗೆ, ಮತ್ತೆ ಓಡಬೇಕಾದ ಹೆಡ್ ಆದರೆ ಬೇಡ.

ಸಿ ಆಕಾರದ ವಾಲ್ವ್ ಸ್ಪ್ರಿಂಗ್ ಕ್ಲ್ಯಾಂಪ್ ನಿಧಾನ, ಆದರೆ ಜೀಪಿನ ಎಂಟು ವಾಲ್ವಿಗೂ ನಾನು ನಂಬಿದ್ದು ಅದನ್ನೇ. ಒಂದು ತುದಿ ವಾಲ್ವ್ ತಲೆಗೆ, ಕಿಟಕಿ ಇರುವ ಇನ್ನೊಂದು ತುದಿ ರಿಟೇನರ್‌ಗೆ. ಲಾಕ್‌ಗಳು ಬೆಣೆ ಆಕಾರದವು, ವರ್ಷಗಟ್ಟಲೆ ಸ್ಪ್ರಿಂಗ್ ಒತ್ತಿ ಒತ್ತಿ ರಿಟೇನರ್ ಒಳಗೆ ಕಚ್ಚಿಕೊಂಡಿರುತ್ತವೆ, ಆಗ ಎಷ್ಟು ತಿರುಗಿಸಿದರೂ ಕ್ಲ್ಯಾಂಪೇ ಬಾಗುತ್ತದೆ ಹೊರತು ಲಾಕ್ ಬಿಡುವುದಿಲ್ಲ. ಜೋರು ಮಾಡಬೇಡಿ. ಸ್ವಲ್ಪ ಬಿಗಿ ಮಾಡಿ ರಿಟೇನರ್ ಅಂಚಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಕ್ ಅಂತ ಶಬ್ದ ಬಂತು ಅಂದರೆ ಬಿಟ್ಟಿತು ಅಂತ ಅರ್ಥ. ವಾಪಸ್ ಹಾಕೋವಾಗ ಲಾಕ್‌ನ ಒಳಮೈಗೆ ಚೂರು ಗ್ರೀಸ್ ಸವರಿ, ಸ್ಕ್ರೂಡ್ರೈವರ್ ತುದಿಯಲ್ಲಿ ಎತ್ತಿ ಸ್ಟೆಮ್ ಮೇಲಿನ ತೋಡಿಗೆ ಅಂಟಿಸಿದರೆ ಅಲ್ಲೇ ನಿಲ್ಲುತ್ತದೆ, ಎರಡನೆಯದನ್ನೂ ಕೂರಿಸಿ ಕ್ಲ್ಯಾಂಪನ್ನು ನಿಧಾನ ಸಡಿಲ ಮಾಡಿ. ಟ್ಯಾಪೆಟ್ (ವಾಲ್ವನ್ನು ಒತ್ತುವ ಬಟ್ಟಲು) ಕೂರುವ ಗುಂಡಿಯ ಒಳಗೆ ಆಳದಲ್ಲಿ ಸ್ಪ್ರಿಂಗ್ ಇರುವ ಹೊಸ ಹೆಡ್‌ಗಳಿಗೆ ಮಾತ್ರ ಈ ಕ್ಲ್ಯಾಂಪಿನ ಬಾಯಿ ಇಳಿಯುವುದಿಲ್ಲ, ತೆಳ್ಳಗಿನ ಅಡಾಪ್ಟರ್ ಬೇಕು.

ಆಚಾರಿಯ ಜಿ ಕ್ಲ್ಯಾಂಪಿಗೆ ಕಿಟಕಿ ಕೊರೆದ ಪೈಪ್ ತುಂಡು ಸೇರಿಸೋದೂ ಮಾಡಿ ನೋಡಿದೆ. ಸಣ್ಣ ಹೆಡ್ಡಿಗೆ ನಡೆಯುತ್ತದೆ. ಡೀಸೆಲ್ ಸ್ಪ್ರಿಂಗಿಗೆ ಪೈಪ್ ಜಾರುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ.

ಹಗ್ಗದ ಕಥೆ ಬೇರೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು ಆಮೇಲೆ ಕಮ್ಮಿಯಾಗುತ್ತದಲ್ಲ, ಅಂಥ ಪೆಟ್ರೋಲ್ ಇಂಜಿನ್ನಿಗೆ ಬರೀ ವಾಲ್ವ್ ಸೀಲ್ (ಸ್ಟೆಮ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯೋದು) ಹಾಕೋದಾದರೆ ಹೆಡ್ ಇಳಿಸೋದು ಸುಮ್ನೆ ಕೆಲಸ. ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿನಲ್ಲಿ ನೈಲಾನ್ ಹಗ್ಗ ತುಂಬಿ, ಒಂದು ತುದಿ ಹೊರಗೇ ಬಿಟ್ಟು, ಕ್ರ್ಯಾಂಕ್ ಕೈಯಿಂದ ತಿರುಗಿಸಿ ಬಿಗಿಯಾಗುವವರೆಗೆ ಪಿಸ್ಟನ್ ಏರಿಸಬೇಕು. ಆಗ ಹಗ್ಗ ತಡೆಯುವುದರಿಂದ ಲಾಕ್ ತೆಗೆದರೂ ವಾಲ್ವ್ ಕೆಳಗೆ ಬೀಳುವುದಿಲ್ಲ. ಕಂಪ್ರೆಸರ್ ಗಾಳಿ ತುಂಬಿಯೂ ಇದೇ ಕೆಲಸ ಮಾಡುತ್ತಾರೆ, ಆದರೆ ಕಕ್ಕಡ ಮಾಸದ ಮಳೆಯಲ್ಲಿ ನಮ್ಮ ಕಡೆ ಕರೆಂಟ್ ನಂಬಿ ಗಾಳಿ ತುಂಬೋದಾ? ಮಧ್ಯದಲ್ಲಿ ಗಾಳಿ ಹೋದರೆ ವಾಲ್ವ್ ಸಿಲಿಂಡರ್ ಒಳಗೆ. ನನಗೆ ಹಗ್ಗವೇ ಸರಿ.

ಇನ್ನು ಪಂಪಿನ ಸಣ್ಣ ಪೆಟ್ರೋಲ್ ಇಂಜಿನ್. ಇಂಥ ಎಷ್ಟೋ ಇಂಜಿನ್‌ಗಳ ರಿಟೇನರ್‌ನಲ್ಲಿ ಲಾಕೇ ಇರುವುದಿಲ್ಲ, ಬೀಗದ ಕೈ ತೂತಿನ ಆಕಾರದ ಗಂಡಿ ಇರುತ್ತದೆ. ಎರಡು ಹೆಬ್ಬೆರಳಿನಿಂದ ಒತ್ತಿ ಪಕ್ಕಕ್ಕೆ ಸರಿಸಿದರೆ ಕೈಗೇ ಬರುತ್ತದೆ. ಇದಕ್ಕೆ ಕ್ಲ್ಯಾಂಪ್ ಹುಡುಕಿಕೊಂಡು ಕುಶಾಲನಗರಕ್ಕೆ ಹೋಗಬೇಡಿ.