ಅಳಗುಳಿ ಮಣೆ: ಹಿರಿಯರ ಬುದ್ಧಿಗೆ ಸಾಣೆ ಹಿಡಿಯುವ ಆಟ

ನೆನಪಿನ ಶಕ್ತಿ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಮೊಬೈಲ್ ಆಟಗಳಿಗೆ ಇಂದು ಕೊರತೆಯಿಲ್ಲ. ಆದರೂ ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗಾಗಿ ನಾನು ಕೊಂಡದ್ದು ಹಲಸಿನ ಮರದ ಅಳಗುಳಿ ಮಣೆ. ಕರಾವಳಿಯವರು ಚೆನ್ನೆಮಣೆ ಎಂದು ಕರೆದು ಆಟಿ ತಿಂಗಳ ಮಳೆಯಲ್ಲಿ ಆಡುತ್ತಿದ್ದುದು ಇದನ್ನೇ.

ಸಾಲಿಗೆ ಏಳರಂತೆ ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳಿವೆ. ಹತ್ತು ಹನ್ನೆರಡು ಕಾಯಿಗಳು ಸೇರಿದರೂ ಹೊರಚೆಲ್ಲದಷ್ಟು ಆಳವಿದ್ದು, ಅಂಚುಗಳನ್ನು ನುಣುಪಾಗಿ ಉಜ್ಜಿರುವುದರಿಂದ ಗಂಟು ನೋವಿರುವ ಬೆರಳುಗಳಿಗೂ ಕಾಯಿಗಳನ್ನು ಬಾಚಿಕೊಳ್ಳುವುದು ಸುಲಭ. ಮರದ ಕೆಲಸದಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಆದರೆ ಮಣೆಯ ಜೊತೆ ಕೊಟ್ಟ ಚೀಲದಲ್ಲಿ ಗುಲಗಂಜಿಗಳಿದ್ದುದು ಗಂಭೀರವಾದ ಲೋಪ. ಗುಲಗಂಜಿಯನ್ನು ಅಗಿದು ನುಂಗಿದರೆ ಅದು ವಿಷ; ಮಕ್ಕಳಿರುವ ಮನೆಗೆ ಅದನ್ನು ಆಟದ ಸಾಮಾನಾಗಿ ಕಳುಹಿಸಲೇಬಾರದು. ನಾವು ಹುಣಸೆ ಬೀಜಗಳನ್ನು ತೊಳೆದು ಒಣಗಿಸಿ ಬಳಸುತ್ತಿದ್ದೇವೆ.

ನಿಯಮಗಳು ಊರಿಂದೂರಿಗೆ ಬೇರೆ. ನಮ್ಮಲ್ಲಿ ಗುಳಿಗೆ ನಾಲ್ಕರಂತೆ 56 ಕಾಯಿಗಳನ್ನು ತುಂಬಿ, ಒಂದು ಗುಳಿಯದನ್ನೆಲ್ಲ ಎತ್ತಿ ಮುಂದಕ್ಕೆ ಒಂದೊಂದಾಗಿ ಹಾಕುತ್ತಾ ಹೋಗುತ್ತೇವೆ. ಕೈ ಬರಿದಾದಾಗ ಮುಂದಿನ ಗುಳಿಯನ್ನು ಎತ್ತಿ ಮುಂದುವರಿಸಬೇಕು, ಅದು ಖಾಲಿಯಿದ್ದರೆ ಅದರ ಆಚೆಗಿನ ಗುಳಿಯ ಕಾಯಿಗಳು ಆಡಿದವರ ಪಾಲಾಗುತ್ತವೆ. ಕಾಯಿಗಳನ್ನು ಮುಟ್ಟಿ ಎಣಿಸಬಾರದೆಂಬ ಕಟ್ಟುಪಾಡು ಇರುವುದರಿಂದ ಎಲ್ಲ ಲೆಕ್ಕವೂ ಕಣ್ಣಳತೆಯಲ್ಲಿ, ಮನಸ್ಸಿನಲ್ಲೇ ನಡೆಯಬೇಕು. ಈ ಮಣೆಯ ನಿಜವಾದ ಬೆಲೆ ನನಗೆ ಮನದಟ್ಟಾದದ್ದು ಇಲ್ಲಿಯೇ. ಮೊಮ್ಮಗ ಕಣ್ಣೆದುರಿಗಿರುವ ನಾಲ್ಕು ಕಾಯಿಗಳಿಗೆ ಆಸೆಪಟ್ಟು ಬೇಗನೆ ಕೈ ಹಾಕುತ್ತಾನೆ. ಅಜ್ಜಿಯಾದರೋ ಆ ನಾಲ್ಕನ್ನು ಬಿಟ್ಟುಕೊಟ್ಟು, ಮೂಲೆಯ ಗುಳಿಯಿಂದ ಹೊರಟು, ಇಡೀ ಮಣೆಯನ್ನು ಸುತ್ತಿಬಂದು ತುಂಬಿದ ಗುಳಿಯೊಂದನ್ನು ಗೆಲ್ಲುತ್ತಾರೆ. ಲೆಕ್ಕದ ವೇಗ ಹುಡುಗನಿಗೇ ಹೆಚ್ಚು, ಆದರೆ ಯಾವುದನ್ನು ಬಿಡಬೇಕೆಂಬ ತಿಳಿವಳಿಕೆ ಅಜ್ಜಿಯದು.

ಇದನ್ನು ಮರೆವಿನ ಕಾಯಿಲೆಗೆ ಔಷಧವೆಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ 75 ವರ್ಷ ಮೀರಿದ 469 ಜನರನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಓದುವ, ಮಣೆಯಾಟಗಳನ್ನು ಆಡುವ, ವಾದ್ಯ ನುಡಿಸುವ ಮತ್ತು ನೃತ್ಯ ಮಾಡುವ ಹಿರಿಯರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡುಬಂದಿತ್ತು. ಆಟವೇ ಅದನ್ನು ತಡೆಯಿತೆಂದು ಇದರಿಂದ ಸಾಬೀತಾಗುವುದಿಲ್ಲ. ಮೊಬೈಲಿಗಿಂತ ಮಣೆಯೇ ಮೇಲೆಂದು ನಾನು ಹೇಳುವುದಕ್ಕೆ ಕಾರಣ ಬೇರೆಯಿದೆ: ಇದನ್ನು ಆಡಲು ಎದುರಿಗೆ ಒಬ್ಬರು ಕೂರಲೇಬೇಕು, ಮಾತನಾಡಲೇಬೇಕು.

ಕೊಳ್ಳುವವರು ಪ್ಲಾಸ್ಟಿಕ್ ಮಣೆಗಳನ್ನು ಬಿಡುವುದು ಒಳ್ಳೆಯದು; ಅವುಗಳ ಗುಳಿಗಳು ಆಳವಿಲ್ಲದೆ ಕಾಯಿಗಳು ಚೆಲ್ಲುತ್ತವೆ. ದೃಷ್ಟಿ ಮಂದವಾಗಿರುವವರಿಗೆ ಕಪ್ಪು ಮರದ ಮಣೆಯ ಜೊತೆ ಬಿಳಿಯ ಕವಡೆಗಳನ್ನು ಕೊಡಿಸಿದರೆ ಎಣಿಕೆ ಸಲೀಸಾಗುತ್ತದೆ.